ಬೀಗರಿಗೆ ರೂಮು ಹಿಡಿಯುವ ಮುನ್ನ ಗಡಿಯಾರ ನೋಡಿ

"ಕಂಪನಿ ಹೋಟೆಲ್ ಅಂತ ಹೆಚ್ಚಿಗಿ ರೊಕ್ಕ ಕೊಟ್ಟು ಬುಕ್ ಮಾಡಿದ್ವಿರಿ. ಆದ್ರ ಬೀಗರು ಆರು ತಾಸು ಕೆಳಗ ಸೋಫಾದ ಮ್ಯಾಲೆ ಕುಂತ್ರು."

ಕಳೆದ ಲಗ್ನಸರಾಯಿಯಲ್ಲಿ ಈ ಮಾತನ್ನು ನಾಲ್ಕಾರು ಬಾಯಲ್ಲಿ ಕೇಳಿದೆ. ಮದುವೆ ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಇರುತ್ತದೆ. ಬೀಗರು ಬೆಂಗಳೂರು, ಪುಣೆ ಕಡೆಯವರು. ರೂಮು ವಿಜಯಪುರದಲ್ಲಿ. ಹೋಟೆಲ್ ಚಲೋದೇ, ಹಾಸಿಗೆ ಸ್ವಚ್ಛ, ಎ.ಸಿ. ತಣ್ಣಗೆ. ಆದರೂ ಮದುವೆ ಮುಗಿಯುವ ಹೊತ್ತಿಗೆ ಹೆಣ್ಣಿನ ತಂದೆಯ ಮುಖ ಸಣ್ಣದಾಗಿರುತ್ತದೆ. ಬಹುತೇಕ ಸಲ ತಪ್ಪು ಹೋಟೆಲಿನದಲ್ಲ, ರೂಮು ಹಿಡಿದ ರೀತಿಯದು. ಹಳೆಯ ಲಾಡ್ಜಿನ ರೂಢಿಯನ್ನು ತಲೆಯಲ್ಲಿಟ್ಟುಕೊಂಡು ಚೈನ್ ಹೋಟೆಲಿನ ರೂಮು ಹಿಡಿದರೆ ಹೀಗೇ ಆಗುವುದು.

ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲ್ಲೂಕು ಕೇಂದ್ರಗಳು. ಕಚೇರಿಗಳು ಬಂದವು, ದೊಡ್ಡ ದೊಡ್ಡ ಕಲ್ಯಾಣ ಮಂಟಪಗಳು ಬಂದವು. ಆದರೆ ಐವತ್ತು ಮಂದಿಯನ್ನು ಮಲಗಿಸುವ ಮಾತು ಬಂದರೆ ಇಂದಿಗೂ ವಿಜಯಪುರಕ್ಕೇ ಬರಬೇಕು. ತಿಕೋಟಾ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ., ಬಬಲೇಶ್ವರ ಜಮಖಂಡಿ ದಾರಿಯಲ್ಲಿ ಸುಮಾರು 25 ಕಿ.ಮೀ. ಈ ಅಂತರ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಬೋರ್ಡು ಯಾರದು, ಕಟ್ಟಡ ಯಾರದು

ಚೈನ್ ಹೋಟೆಲ್ ಎಂದರೆ ಒಂದೇ ಹೆಸರು, ಒಂದೇ ನಿಯಮದಲ್ಲಿ ಹಲವು ಊರುಗಳಲ್ಲಿ ನಡೆಯುವ ಹೋಟೆಲು. ಇದರಲ್ಲಿ ಮೂರು ಜಾತಿ. ಕಂಪನಿಯೇ ನಡೆಸುವುದು ಒಂದು. ಕಟ್ಟಡ, ಆಳುಕಾಳು ಎಲ್ಲ ಊರಿನ ಮಾಲೀಕರದೇ ಇದ್ದು ಹೆಸರನ್ನು ಮಾತ್ರ ಕಂಪನಿಯಿಂದ ಪಡೆದದ್ದು ಇನ್ನೊಂದು. ಮೊಬೈಲ್ ಆ್ಯಪ್‌ನವರು ಇದ್ದ ಲಾಡ್ಜಿಗೇ ತಮ್ಮ ಬೋರ್ಡು ಹೊಡೆದು ರೂಮು ಮಾರುವುದು ಮೂರನೆಯದು. ಟಾಟಾದವರ ಜಿಂಜರ್ 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 'ಇಂಡಿಒನ್' ಎಂಬ ಹೆಸರಿನಿಂದ ಶುರುವಾದದ್ದು, ಅದು ಮೊದಲ ಬಗೆ. 2013ರಲ್ಲಿ ಹುಟ್ಟಿದ ಓಯೊ ಮೂರನೆಯ ಬಗೆಯನ್ನು ಸಣ್ಣ ಸಣ್ಣ ಊರುಗಳ ಗಲ್ಲಿಗೂ ತಂದಿತು.

ಮಂದಿ ಎಡವುವುದು ಮೂರನೆಯದರಲ್ಲಿ. ಬೆಂಗಳೂರಿನಲ್ಲಿ ಆ ಬೋರ್ಡಿನ ಕೆಳಗೆ ಒಳ್ಳೆಯ ರೂಮು ಸಿಕ್ಕಿತ್ತು, ವಿಜಯಪುರದಲ್ಲೂ ಅಂಥದ್ದೇ ಸಿಗುತ್ತದೆ ಎಂದುಕೊಳ್ಳುತ್ತಾರೆ. ಬೋರ್ಡು ಒಂದೇ ಆದರೂ ಗೋಡೆ ಬೇರೆ, ನಲ್ಲಿ ಬೇರೆ, ಮಾಲೀಕರು ಬೇರೆ. ನಿಮ್ಮ ಸೋದರತ್ತೆಯ ಮಗ ಯಾವುದೋ ವರ್ಷ ಉಳಿದಿದ್ದ ಹಳೆಯ ಲಾಡ್ಜೇ ಹೊಸ ಹೆಸರಿನಲ್ಲಿ ನಿಂತಿರಬಹುದು. ಹೊಸ ಬೋರ್ಡಿನ ಕೆಳಗೆ ಹಳೆಯ ಹೆಸರಿನ ಪೇಂಟು ಇನ್ನೂ ಇಣುಕುತ್ತಿದ್ದರೆ ಒಳಗೆ ಹೋಗಿ ರೂಮು ನೋಡಿಯೇ ಮುಂದಿನ ಮಾತಾಡಿ. ಊರಲ್ಲೇ ಇರುವವರು ಫೋಟೊ ನಂಬಿ ರೂಮು ಹಿಡಿಯುವುದು ನನಗಂತೂ ಅರ್ಥವಾಗದ ಸಂಗತಿ. ತಿಕೋಟಾದಿಂದ ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ವಾರಕ್ಕೆರಡು ಸಲ ಬರುತ್ತೀರಿ. ಹತ್ತು ನಿಮಿಷ ಹೋಗಿ ನಲ್ಲಿ ತಿರುಗಿಸಿ ನೋಡಲು ಏನು ಕಷ್ಟ?

ನಲ್ಲಿ ಎಂದದ್ದು ಸುಮ್ಮನಲ್ಲ. ನಮ್ಮ ಕಡೆಯ ಬೋರಿನ ಸವಳು ನೀರಿಗೆ ಗೀಜರ್ ಬೇಗ ಕೈಕೊಡುತ್ತದೆ, ಶವರಿನ ತೂತು ಕಟ್ಟಿಕೊಳ್ಳುತ್ತವೆ. ಕಂಪನಿಯ ಬೋರ್ಡಿದ್ದರೂ ನೀರು ನಮ್ಮೂರಿನದೇ. ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬರುತ್ತದೆ, ಎಂಟು ರೂಮಿನವರು ಒಮ್ಮೆಲೇ ಸ್ನಾನಕ್ಕೆ ನಿಂತರೆ ಸಾಕಾಗುತ್ತದೆಯೇ, ಇದನ್ನು ಕೌಂಟರಿನಲ್ಲಿ ಕೇಳಬೇಡಿ. ರೂಮು ತೊಳೆಯುವ ಹುಡುಗನನ್ನು ಕೇಳಿ.

ಅಂದ ಹಾಗೆ, ಚೈನ್ ಎಂದ ಕೂಡಲೇ ಪರದೇಶದ ಹೆಸರೇ ನೆನಪಾಗಬೇಕಿಲ್ಲ. ನಮ್ಮೂರಿನ ಹಳೆಯ ಚೈನ್ ಹೋಟೆಲು ಸರಕಾರದ್ದು. ಆನಂದ ಮಹಲ್ ರಸ್ತೆಯ ಮಯೂರ ಆದಿಲ್‌ಶಾಹಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಬಳಗದ್ದು. ಬಾದಾಮಿಯ ಮಯೂರ ಚಾಲುಕ್ಯ, ಹಂಪಿ ಹತ್ತಿರದ ಕಮಲಾಪುರದ ಮಯೂರ ಭುವನೇಶ್ವರಿ, ಬೇಲೂರಿನ ಮಯೂರ ವೇಲಾಪುರಿ ಎಲ್ಲ ಇದರ ಅಣ್ಣತಮ್ಮಂದಿರು. ಬಂದ ಬೀಗರು ಮದುವೆಯ ಜೊತೆಗೆ ಊರನ್ನೂ ನೋಡುವವರಾದರೆ ಇದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಇರುವುದು ಹಳೆಯ ಅರಕಿಲ್ಲೆಯ ಸೀಮೆಯಲ್ಲೇ. ಗಗನ ಮಹಲ್, ಬಾರಾ ಕಮಾನ್ ಕಡೆ ನಡೆದೇ ಹೋಗಬಹುದು. ಆದರೆ ಮದುವೆಗೆ ಎಂಟು ಹತ್ತು ರೂಮು ಬೇಕಿದ್ದರೆ ಬಹಳ ಮೊದಲೇ ಕೇಳಬೇಕು.

ಎರಡನೆಯ ಹೆಜ್ಜೆ: ತಾಸಿನ ಲೆಕ್ಕ

ಲೇಖನದ ಅರ್ಧ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ. ಬೇಸರವಾದರೂ ಓದಿ.

ಬಸ್ ಸ್ಟ್ಯಾಂಡ್, ಸ್ಟೇಷನ್ ರಸ್ತೆಯ ಹಳೆಯ ಲಾಡ್ಜುಗಳಲ್ಲಿ 24 ತಾಸಿನ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಬೆಳಿಗ್ಗೆ 8ಕ್ಕೆ ಕೀಲಿ ತಗೊಂಡರೆ ಮರುದಿನ ಬೆಳಿಗ್ಗೆ 8ರವರೆಗೆ ಒಂದು ದಿನ. ನೀವು ಯಾವಾಗ ಬಂದಿರೋ ಆವಾಗಿನಿಂದ ಗಡಿಯಾರ ಶುರು. ಚೈನ್ ಹೋಟೆಲಿನಲ್ಲಿ ಹಾಗಲ್ಲ. ಅಲ್ಲಿ ಗಡಿಯಾರ ಕಂಪನಿಯದು. ಮಧ್ಯಾಹ್ನ 12ಕ್ಕೋ 2ಕ್ಕೋ ಕೀಲಿ ಕೊಡುತ್ತಾರೆ, ಮರುದಿನ 11ಕ್ಕೋ 12ಕ್ಕೋ ಖಾಲಿ ಮಾಡಿಸುತ್ತಾರೆ. ಕೀಲಿ 2ಕ್ಕೆ ಸಿಕ್ಕರೆ ನಡುವೆ ಉಳಿಯುವುದು 21, 22 ತಾಸು. ಅದಕ್ಕೂ ಹೆಸರು 'ಒಂದು ದಿನ'ವೇ. ನೀವು ರಾತ್ರಿ 10ಕ್ಕೆ ಬಂದರೂ ಖಾಲಿ ಮಾಡುವ ಹೊತ್ತು ಬದಲಾಗುವುದಿಲ್ಲ.

ಈಗ ಬೀಗರ ಗಡಿಯಾರ ನೋಡೋಣ. ಬೆಂಗಳೂರಿನಿಂದ ರಾತ್ರಿ ಹೊರಟ ಸ್ಲೀಪರ್ ಬಸ್ಸು ನಮ್ಮೂರು ಮುಟ್ಟುವುದು ನಸುಕಿಗೆ. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ ಮೇಲೆ ಪಂಢರಪುರಕ್ಕೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಇಳಿಸುವುದೂ ಬೆಳಿಗ್ಗೆಯೇ. ಬಸ್ಸಿನಲ್ಲಿ ನಿದ್ದೆಗೆಟ್ಟು, ಮುಖ ಸಹ ತೊಳೆಯದೆ ಬಂದ ಮಂದಿಗೆ ಬೇಕಿರುವುದು ಎರಡೇ, ಸಂಡಾಸ ಮತ್ತು ಸ್ನಾನ. ಕೌಂಟರಿನ ಹುಡುಗ ನಗುಮುಖದಿಂದ "ಎರಡು ಗಂಟೆಗೆ ರೂಮ್ ರೆಡಿ ಆಗ್ತದ್ರಿ" ಅನ್ನುತ್ತಾನೆ. ಮೇಲೆ ಹೇಳಿದ ಸೋಫಾದ ಕತೆ ಶುರುವಾಗುವುದು ಇಲ್ಲಿಂದ.

ಮರುದಿನದ್ದು ಇನ್ನೂ ಕಷ್ಟ. ನಮ್ಮ ಕಡೆ ಅಕ್ಕಿಕಾಳು ಬೀಳುವುದು ಎಷ್ಟೊತ್ತಿಗೆ? ಹತ್ತು ಲಗ್ನಪತ್ರಿಕೆ ತೆಗೆದು ನೋಡಿ. ಮಧ್ಯಾಹ್ನ 12ರ ಮೇಲೆ ಇಷ್ಟು ನಿಮಿಷ ಎಂದೇ ಹೆಚ್ಚಿನವುಗಳಲ್ಲಿ ಇರುತ್ತದೆ. ಅಂದರೆ ಹೋಟೆಲಿನ ಖಾಲಿ ಮಾಡುವ ಹೊತ್ತೂ ಅಕ್ಕಿಕಾಳಿನ ಹೊತ್ತೂ ಒಂದೇ. ರೂಮು ವಿಜಯಪುರದಲ್ಲಿ, ಮಂದಿ 20 ಕಿ.ಮೀ. ಆಚೆ ತಿಕೋಟಾದ ಮಂಟಪದಲ್ಲಿ.

ನಮ್ಮ ಅಣ್ಣನ ಮಗಳ ಮದುವೆಯಲ್ಲಿ ಆದದ್ದು ಇದೇ. ಅಕ್ಕಿಕಾಳು 12 ಗಂಟೆ 35 ನಿಮಿಷಕ್ಕೆ. ಅಣ್ಣ ರುಮಾಲು ಸುತ್ತಿಸಿಕೊಳ್ಳುತ್ತ ನಿಂತಿದ್ದಾಗ, 11:20ಕ್ಕೆ ಫೋನು ಬಂತು. "ಸರ್, ಚೆಕ್-ಔಟ್ ಟೈಮ್ ಆಗೇದ್ರಿ. ಸಾಮಾನು ತಗೀತೀರೋ, ಇನ್ನೊಂದು ದಿನಕ್ಕ ಹಾಕಲೋ?" ಎಂಟು ರೂಮು. ಎಲ್ಲದರಲ್ಲೂ ಬ್ಯಾಗು, ಚಾರ್ಜರು, ಒಣಗಲು ಹಾಕಿದ ಟವೆಲು, ಗಂಡಿನ ಅತ್ತೆಯ ಮಾತ್ರೆಯ ಡಬ್ಬಿ. ನಾನೂ ತಮ್ಮನ ಮಗನೂ ಕಾರು ಹತ್ತಿ ಓಡಿದೆವು. ಬೇರೆಯವರ ಸಾಮಾನು ಯಾವ ಬ್ಯಾಗಿಗೆ ಹಾಕಬೇಕೆಂದು ಗೊತ್ತಿಲ್ಲದೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಲು ಹೊರಟಾಗ, "ಶೀಟ್ ಹೋಟೆಲಿನ್ವು ಅದಾವ್ರಿ" ಎಂದು ಹುಡುಗ ಕಸಿದುಕೊಂಡ. ಮ್ಯಾನೇಜರನ್ನು ಕೇಳಿದರೆ, "ನನ್ನ ಕೈಯಾಗ ಇಲ್ರಿ, ಸಿಸ್ಟಮ್ ತಾನ ಹಾಕ್ತದ" ಎಂದ. ಅವನು ಸುಳ್ಳು ಹೇಳಲಿಲ್ಲ. ನಾನು ಅಕ್ಕಿಕಾಳು ಹಾಕಿದ್ದು ಆ ಹೋಟೆಲಿನ ಮೆಟ್ಟಿಲ ಮೇಲೆ ಕೂತು, ವಿಡಿಯೊ ಕಾಲ್‌ನಲ್ಲಿ, ಕೈಯಲ್ಲಿ ಅಕ್ಕಿಯೂ ಇಲ್ಲದೆ.

ಇದನ್ನು ತಪ್ಪಿಸಲು ಕಾಗದದ ಮೇಲೆ ಒಂದು ಲೆಕ್ಕ ಮಾಡಬೇಕು. ಬುಧವಾರ ಬೆಳಿಗ್ಗೆ 8ಕ್ಕೆ ಬೀಗರು ಬರುತ್ತಾರೆ, ಗುರುವಾರ ಮಧ್ಯಾಹ್ನ ಮದುವೆ, ಗುರುವಾರ ಸಂಜೆ 6ಕ್ಕೆ ಮರಳಿ ಹೊರಡುತ್ತಾರೆ ಎನ್ನಿ. ಒಟ್ಟು 34 ತಾಸು. ಲೆಕ್ಕ ಸರಳವಾಗಲೆಂದು ಎಲ್ಲ ಕಡೆ ದಿನಕ್ಕೆ 2,000 ರೂಪಾಯಿ ಬಾಡಿಗೆ, ಎಂಟು ರೂಮು ಎಂದು ಹಿಡಿಯೋಣ.

24 ತಾಸಿನ ಲಾಡ್ಜಿನಲ್ಲಿ 34 ತಾಸಿಗೆ ಎರಡು ದಿನ. 32,000 ರೂಪಾಯಿ.

ಚೈನ್ ಹೋಟೆಲಿನಲ್ಲಿ ಬೆಳಿಗ್ಗೆ 8ಕ್ಕೇ ಕೀಲಿ ಬೇಕೆಂದರೆ ಮಂಗಳವಾರ ರಾತ್ರಿಯಿಂದಲೇ ರೂಮು ಹಿಡಿದಿರಬೇಕು. ಬುಧವಾರದ್ದು ಇದ್ದೇ ಇದೆ. ಸಂಜೆ 6ರವರೆಗೆ ಇರಲು ಗುರುವಾರದ್ದನ್ನೂ ಕೊಡಬೇಕು. ಮೂರು ದಿನದ ಬಾಡಿಗೆ, 48,000 ರೂಪಾಯಿ.

ಬುಧವಾರದ್ದನ್ನಷ್ಟೇ ಹಿಡಿದು ಉಳಿದದ್ದಕ್ಕೆ 'ಹೋದಾಗ ನೋಡೋಣ' ಎಂದು ಬಿಟ್ಟರೆ 16,000ಕ್ಕೆ ಮುಗಿಯುತ್ತದೆ. ಹೆಚ್ಚಿನವರು ಮಾಡುವುದು ಇದನ್ನೇ. ಸೋಫಾ, ಗಂಟು, ವಿಡಿಯೊ ಕಾಲ್ ಎಲ್ಲ ಈ 16,000ದ ಜೊತೆಗೆ ಬರುವಂಥವು.

ನಾನು ಪೆಟ್ಟು ತಿಂದ ಮೇಲೆ ಕಲಿತ ದಾರಿ ಬೇರೆ. ಏಳು ರೂಮನ್ನು ಬುಧವಾರಕ್ಕೆ ಮಾತ್ರ ಹಿಡಿಯಿರಿ. ಎಂಟನೆಯದನ್ನು ಮಾತ್ರ ಮಂಗಳವಾರದಿಂದ ಗುರುವಾರದವರೆಗೆ, ಮೂರೂ ದಿನಕ್ಕೆ ಹಿಡಿಯಿರಿ. ಇದಕ್ಕೆ ನಮ್ಮ ಮನೆಯಲ್ಲಿ 'ಗಂಟಿನ ರೂಮು' ಎಂದು ಹೆಸರು. ಹೆಚ್ಚಿಗೆ ಬೀಳುವುದು 4,000 ರೂಪಾಯಿ. ಒಟ್ಟು 20,000. ನಸುಕಿಗೆ ಬಂದವರು ಸರದಿಯಲ್ಲಿ ಅಲ್ಲಿ ಸ್ನಾನ ಮುಗಿಸುತ್ತಾರೆ, ವಯಸ್ಸಾದವರು ಅಡ್ಡಾಗುತ್ತಾರೆ, ಉಳಿದವರನ್ನು ನಾಷ್ಟಾಕ್ಕೆ, ಗೋಲಗುಂಬಜ್‌ಗೆ ಕರೆದೊಯ್ಯಿರಿ. ಮದುವೆಯ ದಿನ ಬೆಳಿಗ್ಗೆ 10ಕ್ಕೆ ಏಳೂ ರೂಮು ಖಾಲಿ ಮಾಡಿಸಿ, ಎಲ್ಲ ಬ್ಯಾಗು ಆ ಒಂದರೊಳಗೆ. ಕೀಲಿ ಒಬ್ಬನೇ ಜವಾಬ್ದಾರಿ ಮನುಷ್ಯನ ಜೇಬಿನಲ್ಲಿ. ಮಂದಿ ಇಪ್ಪತ್ತೈದರ ಮೇಲಿದ್ದರೆ ಇಂಥ ರೂಮು ಎರಡು ಬೇಕು, ಒಂದು ಹೆಂಗಸರಿಗೆ.

ಹೀಗೆ ಮಾಡಿದರೆ ಅದೇ ಚೈನ್ ಹೋಟೆಲು 24 ತಾಸಿನ ಲಾಡ್ಜಿಗಿಂತ ಅಗ್ಗವಾಗುತ್ತದೆ. ಆದರೆ ಮೂರು ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಮೊದಲನೆಯದು, ಗಂಟಿನ ರೂಮಿಗೆ ಮಂಗಳವಾರ ರಾತ್ರಿ ನಿಮ್ಮವರೊಬ್ಬರು ಹೋಗಿ ಸಹಿ ಹಾಕಿ ಕೀಲಿ ತಗೊಂಡಿರಬೇಕು. ಬುಕ್ ಮಾಡಿದವರು ರಾತ್ರಿ ಬರಲಿಲ್ಲವೆಂದು ಇಡೀ ಬುಕಿಂಗನ್ನೇ ರದ್ದು ಮಾಡುವ ನಿಯಮ ಹಲವು ಕಡೆ ಇದೆ. ಎರಡನೆಯದು, ಒಂದು ರೂಮಿನಲ್ಲಿ ಹತ್ತು ಜನ ಸ್ನಾನ ಮಾಡುವುದಕ್ಕೆ ಹೋಟೆಲಿನವರ ಒಪ್ಪಿಗೆ ಬೇಕು. ಮುಚ್ಚಿಡಬೇಡಿ, ಹೇಳಿಯೇ ಮಾಡಿ. ಮೂರನೆಯದು, ಬೇಗ ಕೀಲಿ ಕೊಡುತ್ತೇವೆ, ತಡವಾಗಿ ಬಿಟ್ಟರೂ ನಡೆಯುತ್ತದೆ ಎಂದು ಯಾರಾದರೂ ಬಾಯಲ್ಲಿ ಹೇಳಿದರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲೋ ಇ-ಮೇಲ್‌ನಲ್ಲೋ ಬರೆಸಿಕೊಳ್ಳಿ. ಹಗಲು ಹೇಳಿದವನು ರಾತ್ರಿ ಪಾಳಿಯಲ್ಲಿ ಇರುವುದಿಲ್ಲ.

ಊರಿನ ಲಾಡ್ಜಿನ ಮಾಲೀಕರಾದರೆ "ಹೋಗ್ಲಿ ಬಿಡ್ರಿ ಅಣ್ಣಾರ, ಮದುವಿ ಮನಿ" ಎಂದು ಸಂಜೆತನಕ ಬಿಟ್ಟಾರು. ಅವರ ಕೈಯಲ್ಲಿ ಅಧಿಕಾರ ಇದೆ. ಆ ಕೈಯಿಂದಲೇ ಬೇರೆಯದೂ ಆಗುತ್ತದೆ. ಸಿದ್ಧೇಶ್ವರ ಜಾತ್ರೆಯ ವಾರದಲ್ಲಿ ಒಬ್ಬರು ನಮಗೆ ಮಾತುಕೊಟ್ಟಿದ್ದ ಎರಡು ರೂಮನ್ನು ಹೆಚ್ಚು ಕೊಟ್ಟ ಗಿರಾಕಿಗೆ ಕೊಟ್ಟು, "ನೀವು ಫೋನ್ ಮಾಡ್ಲಿಲ್ಲಲ್ರಿ" ಎಂದರು. ಸಿಸ್ಟಮ್ಮಿಗೆ ದಯೆ ಇಲ್ಲ ನಿಜ, ಆದರೆ ಒಮ್ಮೆ ದುಡ್ಡು ಕಟ್ಟಿ ರಸೀದಿ ಬಂದ ಮೇಲೆ ರಾತ್ರೋರಾತ್ರಿ ರೇಟು ಏರಿಸುವುದು ಕೌಂಟರಿನವನಿಗೂ ಆಗದು. ಅಕ್ಕಿಕಾಳು ನಸುಕಿನಲ್ಲೋ ಗೋಧೂಳಿಗೋ ಇದ್ದರೆ ಈ ತಾಪತ್ರಯವೇ ಇಲ್ಲ, ಕಣ್ಣುಮುಚ್ಚಿ ಚೈನ್ ಹೋಟೆಲ್ ಹಿಡಿಯಿರಿ.

ಮೂರನೆಯ ಹೆಜ್ಜೆ: ತಲೆ ಎಣಿಕೆ

ಚೈನ್ ಹೋಟೆಲಿನ ರೂಮು ಎಂದರೆ ಇಬ್ಬರು. ಮೂರನೆಯವರಿಗೆ ಹೆಚ್ಚುವರಿ ಹಾಸಿಗೆ, ಅದಕ್ಕೆ ಬೇರೆ ದುಡ್ಡು. ನಾಲ್ಕನೆಯವರಿಗೆ ಇನ್ನೊಂದು ರೂಮು. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಪುಕ್ಕಟೆ ಎಂಬುದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ನಮ್ಮ ಬೀಗರ ಪದ್ಧತಿ ನಿಮಗೆ ಗೊತ್ತೇ ಇದೆ. ಅಕ್ಕ ತಂಗಿಯರು ಐದು ವರ್ಷದ ಮೇಲೆ ಒಂದೆಡೆ ಕೂಡಿರುತ್ತಾರೆ, ರಾತ್ರಿ ಒಂದರ ತನಕ ಮಾತು. ಅವರಿಗೆ ಇಬ್ಬಿಬ್ಬರಂತೆ ರೂಮು ಹಂಚಿದರೂ ಎಲ್ಲರೂ ಒಂದರಲ್ಲೇ ಸೇರುತ್ತಾರೆ, ಪಕ್ಕದ ರೂಮಿನವರು ಕೌಂಟರಿಗೆ ಫೋನು ಮಾಡುತ್ತಾರೆ. ಇಂಥವರಿಗೆ ಲಾಡ್ಜಿನ ನಾಲ್ಕು ಕಾಟಿನ ರೂಮೇ ಲೇಸು. ಇಲ್ಲವೇ ಮಂಟಪದ ಮೇಲಿನ ಹಾಲಿನಲ್ಲಿ ಗಾದಿ ಹಾಸಿಸಿ. ಅವರು ಬಂದಿರುವುದು ಮಲಗುವುದಕ್ಕಲ್ಲ.

ಮಂಡಿನೋವಿನವರು ಎಷ್ಟು ಮಂದಿ ಎಂದು ಮೊದಲೇ ಪಟ್ಟಿ ಮಾಡಿ. ಅವರಿಗೆ ಕಮೋಡ್ ಬೇಕು, ಲಿಫ್ಟ್ ಬೇಕು, ಕರೆಂಟು ಹೋದಾಗಲೂ ಲಿಫ್ಟ್ ನಡೆಯಬೇಕು. ಇದರಲ್ಲಿ ಚೈನ್ ಹೋಟೆಲು ಬಹುಪಾಲು ಮುಂದೆ. ಇನ್ನು ಕೆಲವು ಹಿರಿಯರಿಗೆ ಕಮೋಡ್ ಆಗಿಬರುವುದಿಲ್ಲ, ಕೂತೇ ಹೋಗಬೇಕು. ಚೈನ್ ಹೋಟೆಲಿನಲ್ಲಿ ಅದು ಸಿಗುವುದು ಕಷ್ಟ. ನಾಚಿಕೆಯಿಂದ ಅವರು ಹೇಳುವುದಿಲ್ಲ, ನೀವೇ ಕೇಳಿ.

ಏಪ್ರಿಲ್, ಮೇ ತಿಂಗಳ ಮದುವೆಯಾದರೆ ಎ.ಸಿ.ಗೆ ಕಂಜೂಸತನ ಮಾಡಬೇಡಿ. 40 ಡಿಗ್ರಿ ದಾಟಿದ ದಿನ ಕೂಲರ್ ಹಾಕಿದ ರೂಮಿನಲ್ಲಿ ಬೆಂಗಳೂರಿನವರು ಉಳಿಯಲಾರರು.

ನಾಲ್ಕನೆಯ ಹೆಜ್ಜೆ: ದಿಕ್ಕು

ಗೋಲಗುಂಬಜ್, ರೈಲ್ವೆ ಸ್ಟೇಷನ್ ಊರಿನ ಪೂರ್ವಕ್ಕೆ. ಇಬ್ರಾಹಿಂ ರೋಜಾ, ಅಥಣಿ ರಸ್ತೆ, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಅದರಾಚೆ ತಿಕೋಟಾ ಎಲ್ಲ ಪಶ್ಚಿಮಕ್ಕೆ. ಬಿಎಲ್‌ಡಿಇ ಆಸ್ಪತ್ರೆ ಸೋಲಾಪುರ ರಸ್ತೆಯಲ್ಲಿ, ಅಂದರೆ ಉತ್ತರಕ್ಕೆ. ಹೆದ್ದಾರಿಯ ಬದಿಗೆ ಹೊಸ ಹೋಟೆಲು ಎಂದು ಸೋಲಾಪುರ ರಸ್ತೆಯಲ್ಲಿ ರೂಮು ಹಿಡಿದು ಬಬಲೇಶ್ವರದ ಮದುವೆಗೆ ಮಂದಿಯನ್ನು ಸಾಗಿಸುವವರು ಇಡೀ ಊರನ್ನು ಸೀಳಿಕೊಂಡು ಹೋಗಬೇಕು. ಮದುವೆಯ ದಿನ ಗಾಂಧಿ ಚೌಕದ ದಟ್ಟಣೆ ಹೇಗಿರುತ್ತದೆಂದು ನಾನು ಹೇಳಬೇಕಿಲ್ಲ. ಬಾಡಿಗೆಯಲ್ಲಿ ಉಳಿಸಿದ್ದು ಕ್ರೂಸರಿನ ಡೀಸೆಲ್ಲಿಗೆ ಹೋಗುತ್ತದೆ.

ತಿಕೋಟಾದ ಮದುವೆಗೆ ಅಥಣಿ ರಸ್ತೆ ಕಡೆಯ ರೂಮು ನೋಡಿ, ಬಬಲೇಶ್ವರದ್ದಕ್ಕೆ ಬಸ್ ಸ್ಟ್ಯಾಂಡಿನ ಸುತ್ತ. ಒಂದಿಬ್ಬರು ತಪ್ಪಿಸಿಕೊಂಡರೂ ಸ್ಟ್ಯಾಂಡಿನಿಂದ ಬಸ್ಸು ಹತ್ತಿ ತಾವೇ ಬಂದುಬಿಡುತ್ತಾರೆ. ಕರ್ನಾಟಕದ ಹೆಂಗಸರಿಗೆ 'ಶಕ್ತಿ' ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡೂ ಇಲ್ಲ, ಪುಣೆಯವರಿಗೆ ಮಾತ್ರ ದುಡ್ಡು. ಸ್ಟೇಷನ್ನಿನಿಂದ ಹೋಟೆಲಿಗೆ ಟಂಟಂ ಹಿಡಿಯುವವರಿಗೆ ಹೋಟೆಲಿನ ಹೆಸರಿನ ಜೊತೆಗೆ ಹತ್ತಿರದ ಗುರುತನ್ನೂ ಬರೆದು ಕೊಡಿ. ಬೋರ್ಡು ಹೊಸದಾದರೆ ಟಂಟಂನವರಿಗೆ ಹಳೆಯ ಹೆಸರೇ ಗೊತ್ತಿರುತ್ತದೆ.

ಐದನೆಯ ಹೆಜ್ಜೆ: ಬಿಲ್ಲು

ಆ್ಯಪ್‌ನಲ್ಲಿ ದೊಡ್ಡದಾಗಿ ಕಾಣುವ ರೇಟು ತೆರಿಗೆ ಬಿಟ್ಟ ರೇಟು ಇರಬಹುದು. ಕೊನೆಯ ಪುಟದ ಮೊತ್ತ ನೋಡಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಅದಕ್ಕೆ ಮೊದಲು ಶೇ 12 ಇತ್ತು. ಬಿಲ್ಲಿನಲ್ಲಿ ಇನ್ನೂ 12 ಎಂದು ಕಂಡರೆ ಅಲ್ಲೇ ಕೇಳಿ. ಸಾವಿರದೊಳಗಿನ ರೂಮಿಗೆ ತೆರಿಗೆ ಇಲ್ಲ ಎಂಬ ಹಳೆಯ ಮಾತೂ ಈಗ ನಡೆಯುವುದಿಲ್ಲ, ಆ ವಿನಾಯಿತಿ 2022ರ ಜುಲೈ 18ಕ್ಕೇ ಹೋಯಿತು. ಹಾಗೆಯೇ ಜಿಎಸ್‌ಟಿ ನಂಬರ್ ಇಲ್ಲದ ಚೀಟಿಯ ಮೇಲೆ ತೆರಿಗೆ ಎಂದು ಬರೆದು ದುಡ್ಡು ಕೇಳುವ ಹಕ್ಕು ಯಾವ ಲಾಡ್ಜಿಗೂ ಇಲ್ಲ.

'ಸರ್ವಿಸ್ ಚಾರ್ಜ್' ಎಂದು ಊಟದ ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ನಿಮ್ಮ ಇಷ್ಟ. ನನ್ನ ಮಾತು ಕೇಳಿದರೆ ಆ ದುಡ್ಡನ್ನು ರೂಮು ತೊಳೆದ ಹುಡುಗನ ಕೈಗೇ ಕೊಡಿ.

ದುಡ್ಡು ವಾಪಸ್ ಬಾರದ ಬುಕಿಂಗು ಇನ್ನೂರು ಮುನ್ನೂರು ಕಡಿಮೆ ಎಂದು ಆಸೆಪಡಬೇಡಿ. ಮದುವೆ ಮನೆ, ಸೂತಕ ಬಂದು ತಾರೀಕು ಮುಂದೆ ಹೋಗುವುದೂ ಉಂಟು. ಎಂಟು ರೂಮಿನಲ್ಲಿ ಐದು ಗಟ್ಟಿಯಾಗಿ ಬೇಕಾದವು, ಮೂರು ಬಂದರೂ ಬರಬಹುದು ಎನ್ನುವಂಥವು. ಆ ಮೂರನ್ನಾದರೂ ರದ್ದು ಮಾಡಿದರೆ ದುಡ್ಡು ಮರಳುವ ಬಗೆಯಲ್ಲಿ ಹಿಡಿಯಿರಿ. ಐದಕ್ಕಿಂತ ಹೆಚ್ಚು ರೂಮು ಬೇಕಾದಾಗ ಆ್ಯಪ್ ಬಿಟ್ಟು ನೇರ ಹೋಟೆಲಿಗೇ ಹೋಗಿ ಮಾತಾಡಿದರೆ ಚೌಕಾಸಿಗೆ ಜಾಗ ಇರುತ್ತದೆ. ಆ್ಯಪ್‌ನವರಿಗೆ ಕೊಡುವ ಕಮಿಷನ್ ಅವರಿಗೆ ಉಳಿಯುತ್ತದಲ್ಲ, ಅದರಲ್ಲಿ ಅರ್ಧ ಕೇಳಿ.

ಆನ್‌ಲೈನ್‌ನಲ್ಲಿ ಹುಡುಕಿದಾಗ ಸಿಕ್ಕ ಯಾವುದೋ ಮೊಬೈಲ್ ನಂಬರಿಗೆ ಮುಂಗಡ ಕಳಿಸಬೇಡಿ. ಹೋಟೆಲಿನ ಫೋಟೊ ಕದ್ದು ತಮ್ಮ ನಂಬರ್ ಹಾಕುವ ಕಳ್ಳರಿದ್ದಾರೆ. ಕಳಿಸಿ ಕೈಸುಟ್ಟುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಆರನೆಯ ಹೆಜ್ಜೆ: ನಾಷ್ಟಾ ಮತ್ತು ಬುತ್ತಿ

'ನಾಷ್ಟಾ ಪುಕ್ಕಟೆ' ಎಂಬುದು ಚೈನ್ ಹೋಟೆಲಿನ ದೊಡ್ಡ ಆಕರ್ಷಣೆ. ಎಷ್ಟು ಗಂಟೆಯಿಂದ ಎಂದು ಕೇಳಿ. ಏಳೂವರೆಯಿಂದ ಎಂದರೆ ಸುರಿಗಿ ನೀರಿಗೆ ನಸುಕಿನಲ್ಲೇ ಹೊರಡುವವರಿಗೆ ಅದು ಸಿಗದು. ಗೋಲಗುಂಬಜ್ ನೋಡುವವರಿಗೂ ಅಷ್ಟೇ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಏನಾದರೂ ನಿಜವಾಗಿ ಕೇಳಿಸಬೇಕಾದರೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು. ಶಾಲೆ ಮಕ್ಕಳ ಬಸ್ಸು ಬಂದ ಮೇಲೆ ಅಲ್ಲಿ ಕೇಳುವುದು ಬರೀ ಕೂಗು. ನಾಷ್ಟಾ ಬಿಟ್ಟ ರೇಟು ಬೇರೆ ಇದ್ದರೆ ಅದನ್ನೇ ಹಿಡಿಯಿರಿ.

ಹೊರಗಿನ ಊಟ ಒಳಗೆ ತರಬಾರದು ಎಂಬ ನಿಯಮ ನಮ್ಮ ಮಂದಿಗೆ ಎಂದೂ ಹಿಡಿಸಿದ್ದಿಲ್ಲ. ಬುತ್ತಿ ಕಟ್ಟಿಕೊಳ್ಳದೆ ಊರು ಬಿಡದವರು ನಾವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಒಣ ಪದಾರ್ಥವೇ ಆದ್ದರಿಂದ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಬದನೆಕಾಯಿ ಎಣಗಾಯಿಯ ಡಬ್ಬಿ ಬಿಳಿ ಚಾದರದ ಮೇಲೆ ಉರುಳಿದರೆ ಮಾತ್ರ ದಂಡ ಬೀಳುತ್ತದೆ, ಬಿದ್ದದ್ದನ್ನು ಕಂಡಿದ್ದೇನೆ. ರಾತ್ರಿ ಊಟಕ್ಕೆ ಬೀಗರನ್ನು ಹೋಟೆಲಿನ ಮೇಲಂತಸ್ತಿನ ರೆಸ್ಟೊರೆಂಟಿಗೆ ಕೂರಿಸಿ ಪನೀರು ತಿನ್ನಿಸುವ ಬದಲು ಒಂದು ಚಲೋ ಖಾನಾವಳಿಗೆ ಕರೆದೊಯ್ಯಿರಿ. ಪನೀರು ಅವರಿಗೆ ಬೆಂಗಳೂರಿನಲ್ಲೂ ಸಿಗುತ್ತದೆ.

ಏಳನೆಯ ಹೆಜ್ಜೆ: ಗುರುತಿನ ಚೀಟಿ

ಒಂದು ರೂಮಿನ ಒಬ್ಬರದು ಸಾಲದು, ಎಲ್ಲ ದೊಡ್ಡವರದೂ ಕೇಳುತ್ತಾರೆ. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮುಚ್ಚಿದ 'ಮಾಸ್ಕ್ಡ್' ಪ್ರತಿಯನ್ನು ಇಳಿಸಿಕೊಂಡು ಬರಲು ಮೊದಲೇ ತಿಳಿಸಿ.

ಅಮೆರಿಕದಿಂದ ಮೊಮ್ಮಕ್ಕಳು ಬರುವವರಿದ್ದರೆ ಇಲ್ಲಿ ನಿಂತು ಓದಿ. ಪರದೇಶದ ಪಾಸ್‌ಪೋರ್ಟ್ ಇದ್ದವರು, ಒಸಿಐ ಕಾರ್ಡಿನವರೂ ಸೇರಿ, ಉಳಿದುಕೊಂಡರೆ ಹೋಟೆಲಿನವರು 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಸರಕಾರಕ್ಕೆ ಮಾಹಿತಿ ಕೊಡಬೇಕು. 'ಸಿ ಫಾರ್ಮ್' ಎಂದೇ ಅದಕ್ಕೆ ರೂಢಿ. ಸಣ್ಣ ಲಾಡ್ಜಿನವರಿಗೆ ಈ ಉಸಾಬರಿ ಬೇಡ, ರಾತ್ರಿ ಹತ್ತಕ್ಕೆ ಪಾಸ್‌ಪೋರ್ಟ್ ನೋಡಿದ ಮೇಲೆ "ರೂಮ್ ಇಲ್ರಿ" ಅನ್ನುತ್ತಾರೆ. ಇವರಿಗೆ ಚೈನ್ ಹೋಟೆಲ್, ಇಲ್ಲವೇ ಮಯೂರ. ಪಾಸ್‌ಪೋರ್ಟಿನ ಜೊತೆ ವೀಸಾ ಅಥವಾ ಒಸಿಐ ಕಾರ್ಡು ಕೈಯಲ್ಲೇ ಇರಲಿ, ಮನೆಯ ಟ್ರಂಕಿನಲ್ಲಿ ಬೇಡ.

ಜಾಗ ಮುಗಿಯುತ್ತ ಬಂತು, ಉಳಿದದ್ದು ಚುಟುಕಾಗಿ. ಸಂಕ್ರಾಂತಿಯ ಜಾತ್ರೆ, ಜನವರಿ 2ರ ಹೊತ್ತಿನ ಜ್ಞಾನಯೋಗಾಶ್ರಮದ ಗುರುನಮನ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿ ವ್ಯಾಪಾರಿಗಳು ಓಡಾಡುವ ಹಂಗಾಮು, ಈ ದಿನಗಳಲ್ಲಿ ಮದುವೆ ಇದ್ದರೆ ತಾರೀಕು ಗಟ್ಟಿಯಾದ ವಾರವೇ ರೂಮು ಹಿಡಿಯಿರಿ. ಆ್ಯಪ್‌ನ ರೇಟು ಬೇಡಿಕೆ ನೋಡಿ ಏರುತ್ತದೆ, ಇಳಿಯುವುದಕ್ಕೆ ಕಾಯಬೇಡಿ. ಕೀಲಿ ತಗೊಂಡ ಕೂಡಲೇ ಒಡೆದ ಗ್ಲಾಸು, ಹರಿದ ಚಾದರ ಇದ್ದರೆ ಫೋಟೊ ಹೊಡೆದುಕೊಳ್ಳಿ. ಹಣ ಕಟ್ಟಿದ ಮೇಲೂ ರೂಮು ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಗಂಟಿನ ರೂಮಿನ ಕೀಲಿ ಮದುಮಗನ ತಮ್ಮನ ಕೈಗೆ ಮಾತ್ರ ಕೊಡಬೇಡಿ, ಅವನು ಮೆರವಣಿಗೆಯಲ್ಲಿ ಕುಣಿಯುತ್ತಿರುತ್ತಾನೆ.